ಮಡಚಿದ ಹೆಬ್ಬೆರಳು

ಮುಂಬಯಿಯ ಮಾಟುಂಗದಲ್ಲಿ ಅಲಮೇಲಮ್ಮನವರ ಮನೆಯಲ್ಲಿ ಅರಿಶಿನ ಕುಂಕುಮಕ್ಕೆಂದು ಹಾಸಿದ್ದ ಜಮಖಾನದ ಮೇಲೆ ವಿಮಲಾಳ ಮಗ ಶ್ರೀಹರಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ಹೆಂಗಸರೆಲ್ಲ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ದೂರ ಸರಿದರು. "ನಾಲ್ಕು ವರ್ಷ ಅಂತೀಯ, ಇನ್ನೂ ಚಡ್ಡೀಲೇ ಸೂಸೂ ಮಾಡ್ಕೋತಾನಲ್ಲೇ!" ಎಂದು ಒಬ್ಬಳು ಕಿಸಕ್ಕನೆ ನಕ್ಕಳು.

ವಿಮಲಾ ಮಗನ ಬೆನ್ನಿಗೆ ಪಟ್ಟನೆ ಬಾರಿಸಿದಳು. "ನಮ್ಮ ಬಿಲ್ಡಿಂಗಲ್ಲಿ ಮಾನ ಕಳೆದಿದ್ದು ಸಾಲ್ದಾ? ಹೇಳೋಕೇನು ಧಾಡಿ ನಿಂಗೆ?"

ನಿಜಕ್ಕೂ ಅವನಿಗೆ ಎರಡೇ ತುಂಬಿತ್ತು. ವಯಸ್ಸಿಗೆ ಮೀರಿದ ಆ ಮೈಕಟ್ಟಿಗೆ ಎರಡು ಎಂದರೆ ಜನರ ದೃಷ್ಟಿ ತಾಕುತ್ತದೆಂದು ಅತ್ತೆ ಹೆದರಿಸಿದ್ದರಿಂದ, ಯಾರು ಕೇಳಿದರೂ ಅವಳು ನಾಲ್ಕು ಎನ್ನುತ್ತಿದ್ದಳು. ನಾಲ್ಕು ಬೆರಳು ತೋರಿಸುವುದನ್ನು ಮಗನಿಗೂ ಕಲಿಸಿದ್ದಳು. ಸೂಸೂ ಬಂದರೆ ಹೇಳುವುದಕ್ಕಿಂತ ಮೊದಲು ಅವನು ಕಲಿತದ್ದು ಅದನ್ನೇ.

ಅಲಮೇಲಮ್ಮ ಹಳೇ ಬಟ್ಟೆ ತಂದು ಒರೆಸಲು ಕೂತರು. "ಹೊಡೀಬೇಡ್ವೇ, ಪಾಪ. ಎಷ್ಟು ವರ್ಷಾನೋ ಮರಿ ನಿಂಗೆ?"

ಈ ಸಲ ನಿಜ ಹೇಳಿಬಿಡಬೇಕೆಂದು ವಿಮಲಾ ಬಾಯಿ ತೆರೆದಳು. ಅಷ್ಟರಲ್ಲಿ ಶ್ರೀಹರಿ, ತೊಯ್ದ ಚಡ್ಡಿಯಲ್ಲಿ ಬಿಕ್ಕುತ್ತಲೇ, ಅಮ್ಮನ ಮುಖವನ್ನೇ ನೋಡುತ್ತಾ, ಎಡಗೈಯಿಂದ ಬಲಗೈಯ ಹೆಬ್ಬೆರಳನ್ನು ಮಡಚಿ ಹಿಡಿದು, ತಪ್ಪಿಲ್ಲದೆ ನಾಲ್ಕು ಬೆರಳು ತೋರಿಸಿದ.