ನೂರಹತ್ತು ಡಿಗ್ರಿ

ನನ್ನ ಹಳೆಯ ಜಾಮಿಟ್ರಿ ಬಾಕ್ಸ್ ತೆರೆದರೆ, ಕೋನಮಾಪಕದ ಅಂಕಿಗಳ ಗೀರುಗಳಲ್ಲಿ ಇನ್ನೂ ಬಿಳಿ ರಂಗೋಲಿ ಹುಡಿ ಉಳಿದಿದೆ.

ಅದು ಲಾಕ್‌ಡೌನಿನ ವರ್ಷ. ಮೂರು ತಿಂಗಳಿಗೆಂದು ಉಡುಪಿಯಿಂದ ಕಡಲಾಚೆಯ ಬಯಾನ್ ಲೆಪಾಸ್‌ನ ನಮ್ಮ ಮನೆಗೆ ಬಂದಿದ್ದ ಅಜ್ಜಿ, ವಿಮಾನಗಳು ನಿಂತುಹೋಗಿ ಅಲ್ಲೇ ಉಳಿದಿದ್ದರು. ಉಡುಪಿಯಲ್ಲಿ ಅಜ್ಜ ತೀರಿಕೊಂಡರು. ಫೋನಿನ ಪರದೆಯಲ್ಲೇ ಎಲ್ಲ ಮುಗಿದ ಆ ಮಧ್ಯಾಹ್ನ, ಊರಿಡೀ ನಿದ್ದೆಹೋದಂತಿದ್ದಾಗ, ಅಜ್ಜಿ ನನ್ನ ಪಕ್ಕ ಬಂದು ಕುಳಿತರು.

“ಉಡುಪಿ ಯಾವ ಬದಿಗೆ ಬರ್ತದೆ ಮಗಾ?”

ಅಟ್ಲಾಸಿನ ಮೇಲೆ ಕೋನಮಾಪಕವಿಟ್ಟೆ. ಉತ್ತರದಿಂದ ಎಡಕ್ಕೆ ನೂರಹತ್ತು ಡಿಗ್ರಿ. ಬಾಲ್ಕನಿಯ ಬೆಚ್ಚನೆಯ ನೆಲದಲ್ಲಿ ಅಜ್ಜಿಯ ರಂಗೋಲಿ ಹುಡಿಯಿಂದ ಅದೇ ಕೋನಕ್ಕೆ ಗೆರೆ ಎಳೆದುಕೊಟ್ಟೆ. ಅಜ್ಜಿ ಅದರ ತುದಿಯಲ್ಲಿ ನಿಂತು ತುಂಬ ಹೊತ್ತು ಕೈಮುಗಿದರು. ಆಮೇಲೆ ದಿನವೂ.

ಎರಡು ವಾರದ ನಂತರ ಆನ್‌ಲೈನ್ ಕ್ಲಾಸಿನಲ್ಲಿ ನನ್ನ ತಪ್ಪು ತಿಳಿಯಿತು. ಕೋನಮಾಪಕದ ಎರಡು ಸಾಲುಗಳಲ್ಲಿ ಒಂದರ ಅಂಕಿ ಬಿಟ್ಟು ಇನ್ನೊಂದರದನ್ನು ಓದಿದ್ದೆ. ಸರಿಯಾದದ್ದು ಎಪ್ಪತ್ತು.

“ಸಾರಿ ಅಜ್ಜಿ, ಐ ಗಾಟ್ ಇಟ್ ರಾಂಗ್,” ಎಂದು ಅಳುತ್ತಾ ಗೆರೆ ಅಳಿಸಹೊರಟೆ.

ಅಜ್ಜಿ ನನ್ನ ಕೈ ಹಿಡಿದರು. ಗೆರೆಯ ನೇರಕ್ಕೆ, ದೂರದ ಏರ್‌ಪೋರ್ಟಿನಲ್ಲಿ, ಹಾರದ ವಿಮಾನಗಳು ಬಿಸಿಲಿಗೆ ಸಾಲಾಗಿ ನಿಂತಿದ್ದವು.

“ಇರಲಿ ಬಿಡು ಮಗಾ. ಹೋಗ್ಲಿಕ್ಕೆ ದಾರಿ ಆ ಬದಿಗೇ ಉಂಟಲ್ಲ.”