ಹನ್ನೆರಡು ಸೀಸೆ ಸಂಜೀವಿನಿ

"ಅಮ್ಮಾ, ಸಂಜೀವಿನಿ ಕುಡಿಸೇ! ಇನ್ನೊಂದು ಏಟು ಬಿದ್ರೆ ನಾಲ್ಕೂ ಜನ ಗೊಟಕ್!" ಎಂದು ಮಗಳು ಕಿರುಚಿದಳು. ಟಿವಿಯ ಮೇಲೆ ಮುದಿ ಡ್ರ್ಯಾಗನ್ ಬೆಂಕಿ ಉಗುಳಲು ಉಸಿರೆಳೆದುಕೊಳ್ಳುತ್ತಿತ್ತು. ಆಟದ ನಾಲ್ವರು ವೀರರಿಗೂ ಪ್ರಾಣ ಬಾಯಿಗೆ ಬಂದಿತ್ತು. ತಾಯಿ ದರ್ಜಿಯಮ್ಮನ ಹೆಬ್ಬೆರಳು ಮಾತ್ರ ಕಂಟ್ರೋಲರಿನ ಗುಂಡಿಯ ಮೇಲೆ ಮಿಸುಕದೆ ಕೂತಿತ್ತು.

ಈ ವಿಡಿಯೊ ಗೇಮಿನ ಮೊದಲ ಭಾಗ ಬಂದಾಗ ಅವಳಿಗೆ ಹನ್ನೊಂದು ವರ್ಷ. ಈಗ ಎಂಟನೆಯ ಭಾಗ, ಮಗಳಿಗೇ ಇಪ್ಪತ್ತನಾಲ್ಕು. ಪ್ರತಿ ಭಾಗದಲ್ಲೂ ಸಂಜೀವಿನಿ ಅಪರೂಪ, ಪ್ರತಿ ಭಾಗದಲ್ಲೂ ಅವಳು ಕೂಡಿಟ್ಟಿದ್ದೇ ಕೂಡಿಟ್ಟಿದ್ದು. ಈ ಸಲವೂ ಚೀಲದಲ್ಲಿ ಹನ್ನೆರಡು ಸೀಸೆ.

"ಇರ್ಲಿ ಕಣೇ, ಮುಂದೆ ಬೇಕಾಗತ್ತೆ."

"ಇನ್ನೆಲ್ಲಿಯ ಮುಂದೆ? ಇದೇ ಕೊನೇ ಯುದ್ಧ!"

ಅವಳು ಕಣ್ಣು ಮುಚ್ಚಿ ಗುಂಡಿ ಒತ್ತಿದಳು. ಗಾಜಿನ ಲೋಟಗಳನ್ನು ಚಮಚದಿಂದ ಒಂದೊಂದಾಗಿ ತಟ್ಟಿದಂಥ ಪುಟ್ಟ ನಾದವೊಂದು ಕೋಣೆಯಲ್ಲಿ ಹರಡಿತು. ವೀರರು ಎದ್ದು ನಿಂತರು.

"ಇದ್ಯಾವ್ದೇ ಹೊಸ ರಾಗ?"

"ಹೊಸದಾ? ಸಂಜೀವಿನಿ ಕುಡಿಸಿದ್ರೆ ಮೊದಲ್ನೇ ಭಾಗದಿಂದ್ಲೂ ಇದೇ ಅಲ್ವಾ! ಆಡೋರಿಗೆಲ್ಲ ಬಾಯಿಪಾಠ. ನೀನು ಒಂದ್ಸಲಾನೂ ಕೇಳಿಲ್ವಾ?"

ಡ್ರ್ಯಾಗನ್ ಉರುಳಿದ ಮೇಲೆ ದರ್ಜಿಯಮ್ಮ ಎದ್ದು, ಹೊಲಿಗೆ ಯಂತ್ರದ ಬಳಿಯಿದ್ದ, ಹಿಡಿಗೆ ಬಟ್ಟೆ ಸುತ್ತಿದ ಮೊಂಡು ಕತ್ತರಿಯನ್ನು ಬದಿಗಿಟ್ಟಳು. ಮಗಳು ಮೊದಲ ಸಂಬಳದಲ್ಲಿ ತಂದುಕೊಟ್ಟ ಕತ್ತರಿ ಎರಡು ವರ್ಷದಿಂದ ಬೀರುವಿನಲ್ಲಿ ಡಬ್ಬಿ ಬಿಟ್ಟು ಹೊರಬಂದಿರಲಿಲ್ಲ. ಅದನ್ನು ತೆಗೆದು, ಕಿವಿಯ ಹತ್ತಿರ ಹಿಡಿದು, ಒಮ್ಮೆ ಆಡಿಸಿ ಸದ್ದು ಕೇಳಿದಳು.