ಯಾರೂ ಕೇಳಬಾರದ ಟೇಪು

ಸ್ವಂತ ತಂಗಿಯೇ ಆ ಟೇಪನ್ನು ಅಧಿಕಾರಿಯ ಕೈಗಿಡುವುದನ್ನು ಅಣ್ಣ ಸ್ಟುಡಿಯೊ ಬಾಗಿಲಲ್ಲಿ ನಿಂತು ನೋಡಿದ. ತಡೆಯಲಿಲ್ಲ. ಹೊರಗೆ ಇನ್ನಿಬ್ಬರು ದಾಂಡಿಗರು ನಿಂತಿದ್ದರು. ಅವರಿಗೆ ಹಾಸ್ಯದಲ್ಲಿ ಆಸಕ್ತಿ ಇದ್ದಂತೆ ಕಾಣಲಿಲ್ಲ.

"ಇದೊಂದೇನಾ?" ಎಂದ ಅಧಿಕಾರಿ.

"ಇದೊಂದೇ. ಒಂದ್ಸಲ ಹಾಕಿ ಕೇಳಿಸ್ಲಾ?"

ಅಧಿಕಾರಿ ಕಾದ ಪಾತ್ರೆ ಮುಟ್ಟಿದವನಂತೆ ಬೆಚ್ಚಿದ. "ಬೇಡಮ್ಮ. ಯಾರೂ ಕೇಳ್ಬಾರ್ದು ಅಂತ ಆದೇಶ. ಯಾರೂ ಅಂದ್ರೆ ನಾನೂ ಸೇರಿ."

ಟೇಪು ಲಕೋಟೆಯೊಳಗೆ ಹೋಯಿತು. ಲಕೋಟೆಗೆ ಅರಗು ಬಿತ್ತು, ಅರಗಿಗೆ ಮುದ್ರೆ ಬಿತ್ತು.

ಅವರು ಹುಡುಕಿಕೊಂಡು ಬಂದದ್ದು ಸೇತುವೆಯ ಕಥೆಯ ಟೇಪನ್ನು. ಮಂತ್ರಿಗಳು ರಿಬ್ಬನ್ ಕತ್ತರಿಸಿದ ವಾರದಲ್ಲೇ ಸೇತುವೆ ಕುಸಿದು, ತುಂಬಿದ ಬಸ್ಸೊಂದು ನದಿ ಪಾಲಾಗಿತ್ತು. ಕಟ್ಟಿದವನು ಮಂತ್ರಿಗಳ ಅಳಿಯ. ಪತ್ರಿಕೆಗಳು ಮಳೆಯನ್ನು ಬೈದು ಕೈತೊಳೆದುಕೊಂಡವು. ಅಣ್ಣ ಮಾತ್ರ ತನ್ನ ರೇಡಿಯೊ ಹಾಸ್ಯ ಕಾರ್ಯಕ್ರಮಕ್ಕಾಗಿ ಅಳಿಯನನ್ನು ಹಿಡಿದು ಝಾಡಿಸಿ, ಕೊನೆಗೆ ಸತ್ತವರ ಹೆಸರುಗಳನ್ನು ಓದಿ ಧ್ವನಿಮುದ್ರಿಸಿದ್ದ. ಹಿಂದಿನ ಪ್ರಸಾರದಲ್ಲೇ, ಮುಂದಿನ ವಾರ ಸೇತುವೆ ದಾಟೋಣ ಎಂದು ಕೇಳುಗರಿಗೆ ಮಾತೂ ಕೊಟ್ಟಿದ್ದ. ಆ ಮಾತು ಮಂತ್ರಿಗಳ ಕಿವಿಗೂ ಬಿದ್ದಿತ್ತು. ಈಗ ಅದೇ ಹೊತ್ತಿಗೆ ಅವನು ನೇರ ಪ್ರಸಾರದಲ್ಲಿ ಕ್ಷಮೆ ಕೇಳಬೇಕು. ಬರೆದುಕೊಟ್ಟ ಹಾಳೆಯಲ್ಲಿ, ಸೇತುವೆ ಗಟ್ಟಿಯಾಗಿತ್ತು, ಬಸ್ಸು ಭಾರವಾಗಿತ್ತು ಎಂದಿತ್ತು. ಇದಕ್ಕಿಂತ ಒಳ್ಳೆಯ ಜೋಕನ್ನು ಅವನೂ ಬರೆದಿರಲಿಲ್ಲ.

ಹಿಂದೆ ಅವನು ಹೋಟೆಲುಗಳ ಹಿಂಕೋಣೆಯಲ್ಲಿ ಕುಡುಕರೆದುರು ನಿಂತು ನಗಿಸುತ್ತಿದ್ದವನು. ಅಲ್ಲಿ ಅವನ ಬಂಡವಾಳ ಮಾತಲ್ಲ, ಮಾತು ನಿಲ್ಲಿಸುವುದು. ತಕ್ಕ ಜಾಗದಲ್ಲಿ ಬಾಯಿ ಮುಚ್ಚಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ರೇಡಿಯೊಗೆ ಬಂದ ಮೇಲೆ ಆ ಚಾಳಿಯೇ ಫಜೀತಿ ತಂದಿತು. ಮೈಕು ನಾಲ್ಕು ಉಸಿರಿನಷ್ಟು ಹೊತ್ತು ಸುಮ್ಮನಿದ್ದರೆ ಸಾಕು, ಏನೋ ಕೆಟ್ಟಿದೆ ಎಂದುಕೊಂಡು ಮೂಲೆಯ ಕಪಾಟಿನೊಳಗಿನ ಯಂತ್ರ ತಾನಾಗಿಯೇ ಕೊಳಲಿನ ಟೇಪು ಹಾಕಿಬಿಡುತ್ತಿತ್ತು. ಅವನ ಮೊದಲ ಜೋಕಿನ ನಡುವೆಯೇ ಕೊಳಲು ಬಂದಿತ್ತು. ಧ್ವನಿ ನೋಡಿಕೊಳ್ಳುವ ತಂಗಿ ನಕ್ಕು ನಕ್ಕು ಕುರ್ಚಿಯಿಂದ ಬಿದ್ದಿದ್ದಳು. ಆ ನಗು ಕೇಳಿಯೇ ಅವನು ಇಲ್ಲಿ ಉಳಿದದ್ದು.

ಇವತ್ತು ಅವಳ ಮುಖದಲ್ಲಿ ನಗುವಿರಲಿಲ್ಲ.

"ನನ್ನನ್ನೂ ಲಕೋಟೆಗೆ ಹಾಕಿ ಕೊಟ್ಬಿಡು," ಎಂದ ಅವನು.

ಅವಳು ತಲೆ ಎತ್ತಲಿಲ್ಲ. "ಓದೋಕೆ ಮನಸ್ಸಿಲ್ದಿದ್ರೆ ಓದ್ಬೇಡ ಅಣ್ಣ. ಸುಮ್ನೆ ಕೂತ್ಕೋ."

"ಬಾಯಿ ಮುಚ್ಬೇಡ ಅಂತ ನನ್ನ ಪ್ರಾಣ ತಿಂದವಳು ನೀನೇ."

"ಇವತ್ತು ಮುಚ್ಕೋ."

ಬೆನ್ನಿಗೆ ಚೂರಿ ಹಾಕಿದವಳು ಈಗ ಬಾಯಿಗೂ ಬೀಗ ಹಾಕುತ್ತಿದ್ದಾಳೆ. ಜೊತೆಯಲ್ಲಿ ಬೆಳೆದವಳು. ಅವನಿಗೆ ಅಳು ಬಂತು.

ಕೆಂಪು ದೀಪ ಹೊತ್ತಿತು. ಗಾಜಿನಾಚೆ ಅಧಿಕಾರಿ ತಂಗಿಯ ಹಿಂದೆಯೇ ಕುಳಿತಿದ್ದ. ಲಕೋಟೆ ಅವನ ತೊಡೆಯ ಮೇಲಿತ್ತು.

ಅಣ್ಣ ಹಾಳೆ ಎತ್ತಿಕೊಂಡ. ಬಸ್ಸಿನಲ್ಲಿದ್ದವರ ಹೆಸರುಗಳು ಒಂದೊಂದಾಗಿ ನೆನಪಾದವು. ಹಾಳೆಯನ್ನು ಮಡಿಸಿ ಕೆಳಗಿಟ್ಟ. ತುಟಿ ಬಿಚ್ಚಲಿಲ್ಲ.

ಒಂದು ಉಸಿರು. ಎರಡು.

ಕಿವಿಗೆ ಸಿಕ್ಕಿಸಿಕೊಂಡಿದ್ದ ಹೆಡ್‌ಫೋನಿನಲ್ಲಿ ಅಧಿಕಾರಿಯ ದನಿ ಕೇಳಿಸಿತು. ಅದರಲ್ಲಿ ಸಿಟ್ಟೇ ಇರಲಿಲ್ಲ. "ಹೋಗ್ಲಿ ಬಿಡಿ. ಕೊಳಲು ಬರುತ್ತಂತಲ್ಲ, ಬರ್ಲಿ. ಆಮೇಲೆ ನಾವು ಹೊರಗೆ ಮಾತಾಡೋಣ."

ಮೂರು. ನಾಲ್ಕು.

ಮೂಲೆಯ ಯಂತ್ರದ ದೀಪ ಹಸಿರಾಯಿತು. ತಂಗಿ ಈಗ ತಲೆ ಎತ್ತಿ ಅವನನ್ನೇ ನೋಡಿದಳು. ಕಪಾಟಿಗೆ ಬೀಗ ಬಿದ್ದಿತ್ತು. ಕೀಲಿ ಅವಳ ಮುಷ್ಟಿಯಲ್ಲಿತ್ತು.

"ಕೇಳುಗರೇ, ಬನ್ನಿ, ಸೇತುವೆ ದಾಟೋಣ," ಎಂದಿತು ಊರಿನ ಎಲ್ಲ ರೇಡಿಯೊಗಳಲ್ಲೂ ಅವನದೇ ದನಿ. "ಈಜು ಬರೋರು ಮೊದಲು."

ಅಧಿಕಾರಿಯ ತೊಡೆಯ ಮೇಲೆ, ಅರಗಿನ ಮುದ್ರೆಯೊಳಗೆ ಭದ್ರವಾಗಿ ಕುಳಿತಿದ್ದದ್ದು ಕೊಳಲು.